ಕನ್ನಡಿಯ ಹಿಂದಿದ್ದ ಅಮ್ಮಿ

ಗೆಳೆಯರೇ, ಇವತ್ತು ನನ್ನ ಅಂಗಡಿಯಲ್ಲಿ ನಾನೇ ತಲೆ ತಗ್ಗಿಸಿ ನಿಂತೆ. ಗಂಗಾವತಿಯಲ್ಲಿ ಫೋಟೋಗಳಿಗೆ ಫ್ರೇಮ್ ಹಾಕುತ್ತೇನೆ, ಹಳೆಯ ಸಾಮಾನೂ ಮಾರುತ್ತೇನೆ. ಹನುಮಸಾಗರದಿಂದ ಬಂದ ನಡುವಯಸ್ಸಿನ ಹೆಂಗಸೊಬ್ಬರು, ನಾನು ಗುಜರಿಯಿಂದ ತಂದು ಕನ್ನಡಿ ಕೂರಿಸಿದ್ದ ತೇಗದ ಫ್ರೇಮಿನ ಮುಂದೆ ನಿಂತುಬಿಟ್ಟರು.

“ಇದು ನಮ್ಮ ಮನೀದರಿ. ನನ್ನ ತಮ್ಮ ತಿಳೀದ ಗುಜರಿಗೆ ಹಾಕ್ಯಾನ. ಇದರಾಗ ನಮ್ಮ ಅಮ್ಮೀ ಫೋಟೋ ಇತ್ತು. ಆಕೀದು ಇದ್ದದ್ದು ಅದೊಂದಽ.”

“ಖಾಲಿ ಬಂದಿತ್ರಿ,” ಎಂದು ಸುಳ್ಳು ಹೇಳಿದೆ.

“ಒಮ್ಮೆ ಹಿಂದ ಬಿಚ್ಚಿ ನೋಡ್ರಿ ಅಣ್ಣಾರ.”

ಬಿಚ್ಚಲೇಬೇಕಾಯಿತು. ಕನ್ನಡಿ ಅಲುಗಾಡದಿರಲೆಂದು ನಾನೇ ಮಡಚಿ ತುರುಕಿದ್ದ ಫೋಟೋ ಹೊರಬಂತು. ಮಡಚಿದ ಗೆರೆ ಆ ತಾಯಿಯ ಮುಖದ ಮೇಲೇ ಬಿದ್ದಿತ್ತು. ಅವರು ಅದನ್ನು ದುಪಟ್ಟಾದಿಂದ ಒರೆಸಿ, ಮತ್ತೆ ನನ್ನ ಕೈಗೇ ಕೊಟ್ಟರು.

“ಇದಕ್ಕೊಂದು ಛಲೋ ಫ್ರೇಮ್ ಹಾಕಿಕೊಡ್ರಿ. ನಿಮ್ಮ ಕೆಲಸ ಭಾಳ ನಾಜೂಕ ಅಂತಾರ ಎಲ್ಲಾರೂ.”

ಬೈದಿದ್ದರೆ ಬಚಾವಾಗುತ್ತಿದ್ದೆ.