ಅಣ್ಣ ಬರೆದುಕೊಟ್ಟ ಚೀಟಿ

ಅಣ್ಣನ ಅಂಗಿಗಳೆಲ್ಲ ಜರಡಿಯಂತಿದ್ದವು. ಬ್ಯಾಟರಿಯ ಆಸಿಡ್ ಸಿಡಿದು ಎದೆಯ ತುಂಬ ಸಣ್ಣ ಸಣ್ಣ ತೂತು. ಅವನ್ನು ಹೊಲಿದುಕೊಡುತ್ತಿದ್ದವಳು ತಂಗಿಯಾದ ನಾನೇ. ಆದರೆ ಅವನಿಗಾಗಿ ಒಂದು ನಿಜ ಹೇಳಬೇಕಾದ ದಿನ ನಾನು ಹೇಳಲಿಲ್ಲ.

ಚಂದಾಪುರದಲ್ಲಿ ಅವನದು ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ಎಂಬತ್ತರ ದಶಕದ ಕೊನೆಗೆ ಐನಾಪುರದ ನರ್ಸಬಾಯಿ ಮಾಳಿಗೆಯ ಮೇಲೆ ಸೋಲಾರ್ ಪ್ಲೇಟು ಹಾಕಿಸಿದರು. ಹೆರಿಗೆಗೆ ಬಂದವರಿಗೆ ಕಂದೀಲಿನ ಹೊಗೆ ತಪ್ಪಲಿ ಎಂದು. ಅದಕ್ಕೆ ಬ್ಯಾಟರಿ ಹೊಂದಿಸುವ ಕೆಲಸ ಅಣ್ಣನಿಗೆ ಬಂತು. ಅಂಗಡಿ ಮುಂದಿನ ಶಹಾಬಾದ ಕಲ್ಲಿನ ಮೇಲೆ ಸೀಮೆಸುಣ್ಣದಿಂದ ಪ್ಲೇಟಿನ ವೋಲ್ಟ್ ಒಂದು ಕಡೆ, ಬ್ಯಾಟರಿಯದು ಇನ್ನೊಂದು ಕಡೆ ಬರೆದು ಬಹಳ ಹೊತ್ತು ನೋಡುತ್ತ ಕೂತ.

‘ತೊಟ್ಟಿ ಮ್ಯಾಲಿರಬೇಕು, ಗಡಿಗಿ ಕೆಳಗಿರಬೇಕು. ಅಂದ್ರ ನೀರು ತಾನೇ ಇಳೀತದ,’ ಎಂದ. ಪ್ಲೇಟಿನ ವೋಲ್ಟ್ ಬ್ಯಾಟರಿಯದಕ್ಕಿಂತ ತುಸು ಹೆಚ್ಚಿರಬೇಕು, ಅಷ್ಟೇ. ಹನ್ನೆರಡು ವೋಲ್ಟಿನ ಎರಡು ಬ್ಯಾಟರಿಗಳನ್ನು ಪ್ಲಸ್ಸಿಗೆ ಪ್ಲಸ್, ಮೈನಸ್ಸಿಗೆ ಮೈನಸ್ ಜೋಡಿಸಿದ. ಹಾಗೆ ಜೋಡಿಸಿದರೆ ಎರಡಾದರೂ ಹನ್ನೆರಡೇ, ಬಲ್ಬು ತಾಳುವಷ್ಟೇ.

ಮುಂದೊಮ್ಮೆ ಆ ಬ್ಯಾಟರಿಗಳು ನೀರು ತುಂಬಿಸಲು ಅಂಗಡಿಗೆ ಬಂದಿದ್ದವು. ತಿರುಗಿ ಒಯ್ಯುವ ದಿನ ಅಣ್ಣನಿಗೆ ಜ್ವರ. ಚೀಟಿಯಲ್ಲಿ ಜೋಡಣೆ ಬರೆದು ನನ್ನ ಕೈಗಿಟ್ಟ.

‘ನಾಕನೇತ್ತ ತನಕ ಸಾಲಿ ಓದೀದಿ, ಇಷ್ಟು ತಿಳೀತದಲ್ಲ? ಬರ್ದಂಗ ಜೋಡ್ಸಿ ಬಾ. ನಿನ್ನ ಶ್ಯಾಣೇತನ ಅಲ್ಲಿ ತೋರಸಬ್ಯಾಡ ಮತ್ತ.’

ತೋರಿಸಿದೆ. ಮೊದಲಿಂದಲೂ ಬೆಳಕು ಭಾಳ ಮಂದ ಅದ ಎಂದು ನರ್ಸಬಾಯಿ ಅಂದಿದ್ದೇ ತಡ, ನನಗೆ ಮನೆಯ ಟಾರ್ಚು ನೆನಪಾಯಿತು. ಅದರಲ್ಲಿ ಸೆಲ್ಲುಗಳನ್ನು ಒಂದರ ಹಿಂದೆ ಒಂದು ಹಾಕುತ್ತೇವಲ್ಲ! ಒಂದು ಬ್ಯಾಟರಿಯ ಪ್ಲಸ್ಸನ್ನು ಇನ್ನೊಂದರ ಮೈನಸ್ಸಿಗೆ ಕಟ್ಟಿದೆ. ಸ್ವಿಚ್ಚು ಒತ್ತಿದರೆ ಹಾಲಿನಂಥ ಬೆಳಕು. ‘ನಿಮ್ಮಣ್ಣಗಿಂತ ನೀನೇ ಪಾಡ ನೋಡವಾ!’ ಎಂದರು ಬಾಯಿ. ಉಬ್ಬಿಕೊಂಡು ಬಸ್ಸು ಹತ್ತಿದೆ.

ಮರುದಿನ ಮುಂಜಾನೆ ಬಾಯಿ ಕರಕಾದ ಬಲ್ಬುಗಳನ್ನು ಅಂಗಡಿಯ ಕಲ್ಲಿನ ಮೇಲಿಟ್ಟರು.

‘ಹೆಣ್ಮಗಳು ಬ್ಯಾನಿ ತಿನ್ನಲಿಕತ್ತಾಳ, ದೀಪ ಠಪ್ಪಂತ ಹೋದ್ವು! ಕಂದೀಲು ಹಿಡ್ಕೊಂಡು ಹೆರಿಗಿ ಮಾಡಸೀನಿ. ದೇವರ ದಯಾ, ಇಬ್ರೂ ಉಳದಾರ.’

ಅಣ್ಣ ನನ್ನ ಕಡೆ ತಿರುಗಿದ. ‘ಹ್ಯಾಂಗ ಜೋಡ್ಸಿದಿ?’

‘ನೀ ಬರ್ದಂಗೇ.’

‘ಚೀಟಿ ಎಲ್ಲದ?’

‘ಬಸ್ಸಿನ್ಯಾಗ ಕಳೀತು.’

ಚೀಟಿ ನನ್ನ ಕುಪ್ಪಸದಲ್ಲೇ ಇತ್ತು.

‘ಜ್ವರದಾಗ ತಪ್ಪು ಬರದೀರಿ,’ ಎಂದರು ಬಾಯಿ. ಅಣ್ಣ ಕರಕಾದ ಬಲ್ಬೊಂದನ್ನು ಕೈಗೆತ್ತಿಕೊಂಡು, ‘ಆಗಿರಬೇಕ್ರಿ ಬಾಯಾರ,’ ಎಂದ.

ಅಂದೇ ಐನಾಪುರಕ್ಕೆ ಹೋಗಿ ಜೋಡಣೆ ಸರಿಮಾಡಿ ಬಂದ. ಹನ್ನೆರಡರ ಬಲ್ಬಿಗೆ ಇಪ್ಪತ್ನಾಲ್ಕು ವೋಲ್ಟ್ ಹರಿಯುವಂತೆ ನಾನು ಕಟ್ಟಿದ್ದ ತಂತಿ ಕಂಡ ಮೇಲೆ ಅವನಿಗೆ ಬೇರೇನೂ ತಿಳಿಯಬೇಕಿರಲಿಲ್ಲ.

‘ಬಲ್ಬು ಹೋಗ್ಲಿ. ನನ್ನ ಬರಹಕ್ಕ ಯಾಕ ಕೆಟ್ಟ ಹೆಸರು ತಂದಿ?’ ಎಂದು ಕೇಳಿದ. ನಾನು ಒಲೆ ಊದುತ್ತಿದ್ದೆ, ಊದುತ್ತಲೇ ಇದ್ದೆ.

ಆಮೇಲೆ ಪ್ಲೇಟು ಹಾಕಿಸಿದವರೆಲ್ಲ ಸೇಡಂನಿಂದ ಬೇರೆ ಮಿಸ್ತ್ರಿಯನ್ನು ಕರೆಸಿದರು. ಅಣ್ಣ ಜಗಳ ಆಡಲಿಲ್ಲ. ಹೊಲಿಯಲು ಅಂಗಿ ಕೊಡುವುದನ್ನು ಮಾತ್ರ ಬಿಟ್ಟ. ತೂತಿನ ಅಂಗಿಯಲ್ಲೇ ನನ್ನೆದುರು ಓಡಾಡಿದ, ವರ್ಷಗಟ್ಟಲೆ.

ಅವನು ಕೊನೆಯ ಸಲ ಹಾಸಿಗೆ ಹಿಡಿದಾಗ ನರ್ಸಬಾಯಿ ನೋಡಲು ಬಂದರು. ‘ಭಾಳ ಚಲೋ ಕೆಲಸಗಾರ. ಅವತ್ತೊಂದಿನ ಕೈ ತಪ್ಪಿತು ನೋಡು,’ ಎಂದರು. ಅಣ್ಣ ಗೋಡೆಯ ಕಡೆ ಮುಖ ಮಾಡಿದ.

ಟ್ರಂಕಿನ ತಳದಿಂದ ಚೀಟಿ ತೆಗೆದು ಬಾಯಿಯವರ ಕೈಗಿಟ್ಟೆ. ಪ್ಲಸ್ಸಿಗೆ ಪ್ಲಸ್. ಅವನ ಗುಂಡು ಅಕ್ಷರ.

‘ಕೈ ತಪ್ಪಿದ್ದು ನಂದ್ರೀ ಬಾಯಾರ, ಇವ ಸರೀನೇ ಬರ್ದಿದ್ದ. ಅಣ್ಣಾ, ನಿನ್ನ ಮ್ಯಾಲ ಸುಳ್ಳು ಹಾಕೀನಿ. ತಪ್ಪಾಗ್ಯದ, ಹೊಟ್ಟ್ಯಾಗ ಹಾಕ್ಕೋ.’