ಇಪ್ಪತ್ತೈದು ಕಿಲೋ ಹೆಚ್ಚಿನ ಚಾಲಕಿ

ಶನಿವಾರ ಬೆಳಗ್ಗೆ ಆರೂಕಾಲಿಗೆ ನಾನು ಮತ್ತು ನನ್ನ ತಮ್ಮ ಗೌತಮ ಅಪ್ಪನ ಕಾರಿನಲ್ಲಿ ಅರಸೀಕೆರೆ ಬಿಟ್ಟೆವು. ಎರಡೇ ಸೀಟಿನ, ಕೆಂಪು ಬಣ್ಣದ, ವಯಸ್ಸಿನಲ್ಲಿ ನನಗಿಂತ ಎರಡು ವರ್ಷ ಹಿರಿಯದಾದ ವಿಲಾಯತಿ ಸ್ಪೋರ್ಟ್ಸ್ ಕಾರು. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದ ಅಪ್ಪ ಅದನ್ನು ಗುಜರಿಯಿಂದ ತಂದು, ಹನ್ನೊಂದು ವರ್ಷದ ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದು ಓಡುವಂತೆ ಮಾಡಿದರು. ಓಡಿಸಲು ಕಲಿಸಿದ್ದು ನನಗೆ. ಗೌತಮನಿಗೆ ಆಗ ಕಾರು ಹತ್ತಿದರೆ ವಾಂತಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆ ಎರಡು ದಿನ ಯಾರೂ ಇದನ್ನು ನನ್ನ ಹತ್ತಿರ ಕೇಳಲಿಲ್ಲ.

ನಾವು ಹೊರಟಿದ್ದು ಗೆಂಡೆಹಳ್ಳಿಯಿಂದಾಚೆ ಇರುವ ಒಂದು ಗುಡ್ಡಕ್ಕೆ. ಹಳೆ ಕಾರುಗಳ ಹವ್ಯಾಸಿಗಳು ಅಲ್ಲಿಯ ಖಾಸಗಿ ರಸ್ತೆಯೊಂದರಲ್ಲಿ ಒಬ್ಬೊಬ್ಬರಾಗಿ ಕಾರು ಹತ್ತಿಸಿ, ಯಾರು ಎಷ್ಟು ಬೇಗ ಮೇಲೆ ಮುಟ್ಟಿದರೆಂದು ಗಡಿಯಾರ ಹಿಡಿದು ನೋಡುತ್ತಾರೆ. ಎರಡೂವರೆ ಕಿಲೋಮೀಟರ್ ಏರು, ಏಳು ತಿರುವು. ಏರಿನಲ್ಲಿ ಎಂಜಿನ್ನಿನ ಶಕ್ತಿ ಎಷ್ಟು ಮುಖ್ಯವೋ ಅದು ಹೊರಬೇಕಾದ ತೂಕವೂ ಅಷ್ಟೇ ಮುಖ್ಯ. ನಾನು ಪಿಯು ಕಾಲೇಜಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಭೌತಶಾಸ್ತ್ರ ಹೇಳುತ್ತಿರುವವಳು. ಎಂಜಿನ್ ಬದಲಿಸಿದರೆ ಅಪ್ಪನ ಕೈಕೆಲಸವೇ ಹೋಗಿಬಿಡುತ್ತದೆ, ತೂಕ ಇಳಿಸೋಣ ಅಂದೆ.

ಐದು ತಿಂಗಳು ಅದೇ ಕೆಲಸ. ಎರಡು ಬಂಪರ್, ಸ್ಟೆಪ್ನಿ, ಅರಸೀಕೆರೆಯ ಬಿಸಿಲಿನಲ್ಲಿ ಯಾವ ಪುಣ್ಯಕ್ಕೆ ಇತ್ತೋ ತಿಳಿಯದ ಹೀಟರ್, ಬಟ್ಟೆ ಚಾವಣಿಯ ಕಬ್ಬಿಣದ ಚೌಕಟ್ಟು, ನೆಲಹಾಸು, ಅದರ ಕೆಳಗೆ ಸದ್ದು ತಡೆಯಲು ಅಂಟಿಸಿದ್ದ ದಪ್ಪ ಹಾಳೆ, ಹೀಗೆ ಇಪ್ಪತ್ತನಾಲ್ಕು ಭಾಗಗಳನ್ನು ತೆಗೆದೆವು. ಒಂದೊಂದನ್ನೂ ಗೌತಮ ಸ್ಕೂಟರಿನಲ್ಲಿ ಕೊಬ್ಬರಿ ಮಂಡಿಗೆ ಒಯ್ದು, ಅಲ್ಲಿಯ ದೊಡ್ಡ ತಕ್ಕಡಿಯಲ್ಲಿ ತೂಗಿಸಿ ಚೀಟಿ ತರುತ್ತಿದ್ದ. ಒಟ್ಟು ಅರವತ್ತೊಂದು ಕಿಲೋ. ಬಂಪರನ್ನು ಅಡ್ಡಲಾಗಿ ಕಟ್ಟಿಕೊಂಡು ಹೋಗುವ ಅವನನ್ನು ನೋಡಿ ಬೀದಿಯವರೆಲ್ಲ ನಕ್ಕಿದ್ದಾರೆ. ಅವನ ಶ್ರಮವನ್ನು ನಾನು ಇಲ್ಲವೆನ್ನುವುದಿಲ್ಲ. ಪಕ್ಕದ ಸೀಟನ್ನೂ ತೆಗೆಯಬೇಕಿತ್ತು, ಹತ್ತು ಕಿಲೋ ಇತ್ತು. ಅವನು ಕೂತು ಬರಬೇಕಲ್ಲ ಎಂದು ಉಳಿಸಿಕೊಂಡೆವು.

ಹೊರಡುವಾಗ ಪಕ್ಕದ ಮನೆಯವರು ಚಕ್ರದ ಕೆಳಗಿಡಲು ನಿಂಬೆಹಣ್ಣು ತಂದರು. ನಮ್ಮ ಮನೆಯಲ್ಲಿ ಆ ಪದ್ಧತಿ ಇಲ್ಲ. ಅಮ್ಮ ಅದನ್ನು ಬೇಡವೆನ್ನದೆ ತೆಗೆದುಕೊಂಡು ಷರಬತ್ತಿಗೆ ಆಯಿತೆಂದು ಒಳಗಿಟ್ಟಳು. ಆಮೇಲೆ ಬುದ್ಧನ ಪಟದ ಮುಂದೆ ನಿಂತು ವಂದನೆ ಹೇಳಿ ನಮ್ಮನ್ನು ಕಳಿಸಿದಳು.

ಜಾವಗಲ್ಲಿನವರೆಗಿನ ರಸ್ತೆ ಪರವಾಗಿಲ್ಲ ಎಂದು ಯಾರೋ ಹೇಳಿದ್ದರು. ಅವರು ಬಸ್ಸಿನಲ್ಲಿ ಹೋಗಿದ್ದಿರಬೇಕು. ಊರು ಬಂದಾಗ ಒಂದು ಹಂಪು, ಊರು ಮುಗಿದಾಗ ಒಂದು, ನಡುವೆ ಯಾರದೋ ಮನೆಯ ಮುಂದೆ ಅವರೇ ಮಣ್ಣು ಸಿಮೆಂಟು ಕಲಸಿ ಹಾಕಿಕೊಂಡದ್ದು ಇನ್ನೊಂದು. ಒಂದಕ್ಕೂ ಬಿಳಿ ಪಟ್ಟೆ ಇಲ್ಲ. ನಮ್ಮ ಕಾರು ನೆಲದಿಂದ ಒಂದು ಗೇಣು ಎತ್ತರ. ಪ್ರತಿ ಹಂಪಿಗೂ ಗೌತಮ ಇಳಿದು ಬಗ್ಗಿ ನೋಡಿ, ಕೈ ಬೀಸಿ, ಮತ್ತೆ ಹತ್ತುತ್ತಿದ್ದ. ಸದ್ದು ತಡೆಯುವ ಹಾಳೆ ಹೋಗಿದ್ದರಿಂದ ಗೇರ್ ಪೆಟ್ಟಿಗೆಯ ಕಿರುಚಾಟ ನೇರ ಕಿವಿಗೆ, ಎಂಜಿನ್ನಿನ ಬಿಸಿ ನೇರ ಕಾಲಿಗೆ.

ಜಾವಗಲ್ಲಿನಲ್ಲಿ ಇಡ್ಲಿ ವಡೆ ತಿಂದೆವು. ಚಟ್ನಿಗೆ ತೆಂಗಿನಕಾಯಿ ಧಾರಾಳವಾಗಿ ಬಿದ್ದಿತ್ತು, ಹೊಟ್ಟೆಗೆ ಸಮಾಧಾನವಾಯಿತು. ಹೊರಗೆ ಬಂದಾಗ ಹಾಲಿನ ಕ್ಯಾನು ಹಿಡಿದ ಮುದುಕರೊಬ್ಬರು ಕಾರಿನ ಸುತ್ತ ಎರಡು ಸುತ್ತು ಬಂದು, "ಉಳಿದಿದ್ದು ಎಲ್ಲೈತವ್ವಾ?" ಎಂದು ಕೇಳಿದರು. ಆ ಎರಡು ದಿನದಲ್ಲಿ ಕಾರಿನ ಬಗ್ಗೆ ನನ್ನನ್ನೇ ನೋಡಿ ಮಾತಾಡಿದ ಗಂಡಸು ಅವರೊಬ್ಬರೇ.

ಹಳೇಬೀಡು ಮುಟ್ಟಿದಾಗ ಒಂಬತ್ತು ಗಂಟೆ. ದೇವಸ್ಥಾನದ ಹತ್ತಿರ ವಾಹನ ನಿಲ್ಲಿಸುವ ಜಾಗದಲ್ಲಿ ಸ್ಪರ್ಧೆಯವರು ಕೆಲವರು ಸೇರಿದ್ದರು. ಹವ್ಯಾಸಿಗಳ ಕೂಟದ ಕಾರ್ಯದರ್ಶಿಯೂ ಇದ್ದರು. ಐವತ್ತು ದಾಟಿದ ಭಾರಿ ಆಳು, ಅವರದೂ ಒಂದು ಹಳೆ ಕಾರು. ನಮ್ಮ ಕಾರಿನೊಳಗೆ ತಲೆ ತೂರಿಸಿ ನೋಡಿ, ಬಹಳ ಚೆನ್ನಾಗಿ ಹಗುರ ಮಾಡಿದ್ದೀರಿ ಎಂದು ಗೌತಮನ ಕೈ ಕುಲುಕಿದರು. ಕಾರ್ಬುರೇಟರಿನ ಬಗ್ಗೆ ಅವನನ್ನೇ ಕೇಳಿದರು. ಅವನು ನನ್ನ ಮುಖ ನೋಡಿದ, ನಾನು ಹೇಳಿದೆ. ಅವರು ನನ್ನ ಉತ್ತರ ಕೇಳಿಸಿಕೊಂಡು ಅವನಿಗೆ ತಲೆಯಾಡಿಸಿದರು. ಆಮೇಲೆ ನನ್ನನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಅವನಿಗೆ ಹೇಳಿದರು: "ಎಲ್ಲಾ ತೆಗೆದಿದ್ದೀರಿ, ಭಾರಿ ಐಟಂ ಒಂದನ್ನ ಮಾತ್ರ ಬಿಟ್ಟಿದ್ದೀರಿ."

ಸುತ್ತ ನಿಂತವರು ನಕ್ಕರು. ಅವರು ನಕ್ಕರೆ ನನಗೇನು, ನಾಡಿದ್ದು ಅವರ್ಯಾರೋ ನಾನ್ಯಾರೋ. ಗೌತಮನೂ ನಕ್ಕ. ನನ್ನ ಮೈ ಉರಿದದ್ದು ಅದಕ್ಕೆ. ನನ್ನ ತೂಕ ಎಂಬತ್ತನಾಲ್ಕು ಕಿಲೋ, ಮುಚ್ಚಿಡುವಂಥದ್ದೇನೂ ಇಲ್ಲ. ಅವನದು ಐವತ್ತೊಂಬತ್ತು. ದೇವಸ್ಥಾನದ ಒಳಗೆ ಹೋಗಬೇಕೆಂದು ಮನೆಯಿಂದ ಅಂದುಕೊಂಡೇ ಬಂದಿದ್ದೆ. ಮನಸ್ಸಾಗಲಿಲ್ಲ, ಕಾರು ತಿರುಗಿಸಿದೆ.

ನೇರ ರಸ್ತೆಯಲ್ಲಿ ಕೆಲಸ ನಡೆಯುತ್ತಿದೆ ಎಂದು ತಿಳಿದು ಹಗರೆ ಸುತ್ತಿ ಹೋದೆವು. ಅಲ್ಲಿ ಟೀ ಕುಡಿಯುವಾಗ ಗೌತಮ ಲೋಟ ನೋಡುತ್ತಾ ಬಾಯಿ ಬಿಟ್ಟ. "ಇಪ್ಪತ್ತೈದು ಕಿಲೋ ಕಣಕ್ಕ. ಐದು ತಿಂಗಳು ಕೆರ್ದು ಕೆರ್ದು ಇಳಿಸಿದೀವಿ. ಕೊನೇಲಿ ನೀನು ಕೂತ್ಕೊಂಡ್ರೆ ಅರ್ಧ ವಾಪಸ್ ಬತ್ತದೆ. ಇದನ್ನ ನೀನೇ ಕ್ಲಾಸಲ್ಲಿ ಹೇಳ್ತೀಯ."

ಗುಡ್ಡದ ರಸ್ತೆಯಲ್ಲಿ ನೀನು ಎಷ್ಟು ಸಲ ಕಾರು ಹತ್ತಿಸಿದ್ದೀಯ ಎಂದು ಕೇಳಿದೆ. ಒಂದೂ ಇಲ್ಲ. ನಾನು ಕಳೆದ ಮೂರು ತಿಂಗಳಲ್ಲಿ ಅಪ್ಪಣೆ ಪಡೆದು ಆರು ಸಲ ಬೇರೆ ದಾರಿಯಲ್ಲಿ ಅಲ್ಲಿಗೆ ಹೋಗಿ ತಿರುವುಗಳನ್ನು ಬಾಯಿಪಾಠ ಮಾಡಿದ್ದೆ. ಅವನು ಓಡಿಸುವುದು ಆಫೀಸಿಗೆ ಹೋಗುವ ಸ್ಕೂಟರು. ಹಾಗಂತ ಹೇಳಿದೆ. ಅವನು ಲೋಟ ಇಟ್ಟು ಟೀ ದುಡ್ಡು ಕೊಡಲು ಎದ್ದುಹೋದ. ಒಪ್ಪಿದನೆಂದು ನಾನು ತಿಳಿದೆ, ಅಲ್ಲೇ ನಾನು ಕೆಟ್ಟದ್ದು.

ಬೇಲೂರಿನಲ್ಲಿ ಲಾಡ್ಜಿಗೆ ಚೀಲ ಹಾಕಿ, ಮುದ್ದೆ ಊಟ ಮಾಡಿ, ಮಧ್ಯಾಹ್ನ ಮೂರಕ್ಕೆ ಗೆಂಡೆಹಳ್ಳಿ ದಾಟಿ ಗುಡ್ಡದ ಬುಡಕ್ಕೆ ಬಂದೆವು. ಬಿಸಿಲಿತ್ತು, ಗಾಳಿಯೂ ಇತ್ತು. ಶಾಮಿಯಾನದ ಕೆಳಗೆ ಮೇಜು, ಪಕ್ಕದಲ್ಲಿ ತೂಕದ ಪ್ಲಾಟ್‌ಫಾರಂ, ಒಂದು ಹಲಗೆಗೆ ಅಂಟಿಸಿದ ಪಟ್ಟಿ. ಹನ್ನೊಂದು ಕಾರು, ಹನ್ನೊಂದು ಚಾಲಕರು. ನಮ್ಮ ಕಾರಿನ ಮುಂದೆ ಚಾಲಕ ಎಂಬಲ್ಲಿ ಗೌತಮನ ಹೆಸರಿತ್ತು.

ನಮ್ಮ ಮನೆಯಲ್ಲಿ ಅರ್ಜಿ ಎಂದರೆ ಗೌತಮ. ತಾಲ್ಲೂಕು ಕಚೇರಿಯಲ್ಲಿ ಕೆಲಸ ಮಾಡುವವನು, ಅಕ್ಷರ ದುಂಡಗೆ. ರೇಷನ್ ಕಾರ್ಡಿನಿಂದ ಹಿಡಿದು ನನ್ನ ಪಾಸ್‌ಪೋರ್ಟಿನವರೆಗೆ ಎಲ್ಲ ಅವನೇ ತುಂಬುವುದು, ನಾವು ತೋರಿಸಿದ ಕಡೆ ಸಹಿ ಹಾಕುವುದು. ಈ ಅರ್ಜಿಗೂ ನಾನು ಓದದೆ ಸಹಿ ಹಾಕಿದ್ದೆ, ಮಾಲೀಕರು ಎಂಬಲ್ಲಿ; ಅಪ್ಪ ತೀರಿಕೊಂಡ ಮೇಲೆ ಕಾರು ನನ್ನ ಹೆಸರಿನಲ್ಲಿದೆ. ಅವನು ತಿಂಗಳ ಹಿಂದೆಯೇ ತೀರ್ಮಾನ ಮಾಡಿಕೊಂಡು, ನನ್ನನ್ನು ಒಪ್ಪಿಸುವುದಕ್ಕೆ ದಾರಿಯಲ್ಲೊಂದು ಟೀ ಅಂಗಡಿ ಹುಡುಕುತ್ತಿದ್ದ.

ನಾನು ಏನಾದರೂ ಅನ್ನುವಷ್ಟರಲ್ಲಿ ಕಾರನ್ನು ಪ್ಲಾಟ್‌ಫಾರಂ ಮೇಲೆ ಹತ್ತಿಸಲು ಕರೆದರು. ಕೈಪಿಡಿಯ ಪ್ರಕಾರ ಕಾರಿನ ಮೂಲ ತೂಕ ಏಳುನೂರ ಇಪ್ಪತ್ತು. ಅರವತ್ತೊಂದು ಕಳೆದರೆ ಆರುನೂರ ಐವತ್ತೊಂಬತ್ತು ಬರಬೇಕು. ಯಂತ್ರ ತೋರಿಸಿದ್ದು ಆರುನೂರ ಮೂವತ್ತೈದು. ಇಪ್ಪತ್ತನಾಲ್ಕು ಕಿಲೋ ಎಲ್ಲಿ ಹೋಯಿತು? ಎರಡು ಸಲ ತೂಗಿದರೂ ಅದೇ. ಗೌತಮ ಮಂಡಿಯ ತೂಕದವನಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದ.

"ಒಂದೊಂದಕ್ಕೂ ಚೀಲದ್ದು ಒಂದ್ ಕಿಲೋ ಕಳ್ದು ಬರ್ದಿವ್ನಿ ಸಾ," ಎಂದ ಅವನು ಸಮಾಧಾನವಾಗಿ. "ಮಂಡೀಲಿ ಹಂಗೇ ಅಲ್ವರಾ?"

ಇಪ್ಪತ್ತನಾಲ್ಕು ಭಾಗ, ಇಪ್ಪತ್ತನಾಲ್ಕು ಕಿಲೋ. ಬಂಪರಿಗೆ ಎಲ್ಲಿಯ ಗೋಣಿಚೀಲ? ಇಪ್ಪತ್ತೆಂಟು ವರ್ಷ ಭೌತಶಾಸ್ತ್ರ ಹೇಳಿದವಳಿಗೆ ಒಂದು ಸಲ ಮನೆಯಲ್ಲಿ ತೂಗಿ ನೋಡುವ ಬುದ್ಧಿ ಬರಲಿಲ್ಲವೆಂದು ನಾಚಿಕೆಯಾಯಿತು. ಜೊತೆಗೆ ಎದೆಯೂ ಹಗುರಾಯಿತು. ನಾವು ನಿಜವಾಗಿ ತೆಗೆದದ್ದು ಎಂಬತ್ತೈದು ಕಿಲೋ. ನನಗೂ ಅವನಿಗೂ ಇರುವ ವ್ಯತ್ಯಾಸ ಆಗಲೇ ಕಾರಿನಿಂದ ಇಳಿದುಹೋಗಿತ್ತು, ಒಂದು ಕಿಲೋ ಬಿಟ್ಟು. ಇನ್ನು ನಿನಗೆ ಚಿಂತೆಯಿಲ್ಲ, ನಾನು ಕೂತರೂ ನೀನು ಲೆಕ್ಕ ಹಾಕಿದ ತೂಕವೇ ಬಂತಲ್ಲ, ಹೆಸರು ಬದಲಿಸು ಅಂದೆ.

ಅವನು, "ಹಂಗಾದ್ರೆ ನಾನು ಕೂತ್ರೆ ಇನ್ನೂ ಹಗುರ ಆಯ್ತದಲ್ಲಕ್ಕಾ?" ಎಂದ.

ಆಗ ನನಗೆ ತಿಳಿಯಿತು. ತೂಕ ಕಾರಣವೇ ಅಲ್ಲ. ನಾನು ನಲವತ್ತು ಕಿಲೋ ಇದ್ದಿದ್ದರೆ ಅವನು ಇನ್ನೇನೋ ಹುಡುಕುತ್ತಿದ್ದ. ಅಪ್ಪನ ಕಾರಿನ ಸ್ಟೇರಿಂಗು ಮಗನದೆಂದು ಯಾರೂ ಹೇಳಿಕೊಡದೆಯೇ ಅವನ ತಲೆಗೆ ಹೊಕ್ಕಿತ್ತು. ಅಪ್ಪ ಹೇಳಿರಲಿಲ್ಲ, ಅದಂತೂ ಖಂಡಿತ.

ಮೇಜಿನ ಹತ್ತಿರ ಹೋಗಿ ಹೆಸರು ತಿದ್ದಬೇಕೆಂದೆ. ಕಾರ್ಯದರ್ಶಿ, ಇದು ಮನೆ ವಿಷಯ, ನೀವಿಬ್ಬರೇ ಮಾತಾಡಿಕೊಳ್ಳಿ ಎಂದರು. ಚಾಲಕರ ತೂಕದ ಬಗ್ಗೆ ನಿಯಮ ಇದ್ದರೆ ತೋರಿಸಿ ಅಂದೆ. ನಿಯಮ ಇರಲಿಲ್ಲ. ಅವರೂ ಮಾರನೆಯ ದಿನ ಓಡಿಸುವವರಿದ್ದರು.

"ಸಾರ್, ನಿಮ್ಮ ತೂಕ ಎಷ್ಟು ಅಂತ ಬೆಳಗ್ಗೆಯಿಂದ ಯಾರಾದ್ರೂ ಕೇಳಿದ್ರಾ?" ಎಂದು ಕೇಳಿದೆ.

ಯಾರೂ ನಗಲಿಲ್ಲ. ಅವರು ಪೆನ್ನು ತೆಗೆದು ಒಂದು ಹೆಸರು ಹೊಡೆದು ಇನ್ನೊಂದು ಬರೆದರು.

ಭಾನುವಾರ ಹತ್ತು ಗಂಟೆಗೆ ನನ್ನ ಸರದಿ. ಪಕ್ಕದ ಸೀಟನ್ನು ಗೌತಮನೇ ಬಿಚ್ಚಿ ಹುಲ್ಲಿನ ಮೇಲಿಟ್ಟಿದ್ದ, ಮುಖ ಮಾತ್ರ ಗಂಟು. ಮೂರನೇ ತಿರುವಿನಲ್ಲಿ ಹಿಂದಿನ ಚಕ್ರ ಸ್ವಲ್ಪ ಜಾರಿತು, ಅದನ್ನು ಹಿಡಿದು ನಿಲ್ಲಿಸಿದೆ. ಐದನೆಯದರಲ್ಲಿ ಎರಡನೇ ಗೇರಿಗೆ ಬರಬೇಕೆಂದು ಕೈಗೇ ಗೊತ್ತಿತ್ತು. ಎರಡು ನಿಮಿಷ ಮೂವತ್ತೆಂಟು ಸೆಕೆಂಡು. ಹನ್ನೊಂದರಲ್ಲಿ ಐದನೇ ಸ್ಥಾನ. ಕಾರ್ಯದರ್ಶಿ ಎಂಟನೆಯವರು. ಮೇಲೆ ಎಂಜಿನ್ ನಿಲ್ಲಿಸಿದಾಗ ಅಪ್ಪ ಇರಬೇಕಿತ್ತು ಎಂದು ಅಳು ಬಂತು.

ಕೆಳಗೆ ಬಂದಾಗ ಗೌತಮ ಸ್ಪ್ಯಾನರ್ ಹಿಡಿದು ಸೀಟು ಕೂರಿಸಲು ಸಿದ್ಧನಾಗಿದ್ದ. ಚೆನ್ನಾಗಿತ್ತು ಅನ್ನುತ್ತಾನೆಂದು ಕಾದೆ. "ನಾನಾಗಿದ್ರೆ ಮೂರನೇದು ಗ್ಯಾರಂಟಿ ಬತ್ತಿತ್ತು," ಎಂದ.

"ಆ ಸೀಟು ಹಾಕ್ಬೇಡ," ಅಂದೆ. "ತೂಕ."

ಅವನು ತಮಾಷೆ ಎಂದುಕೊಂಡ. ನಾನು ಅವನ ಚೀಲವನ್ನು ಆ ಸೀಟಿನ ಮೇಲಿಟ್ಟು, ಗೆಂಡೆಹಳ್ಳಿಯಿಂದ ಬೇಲೂರಿಗೆ ಬಸ್ಸಿದೆ, ಅಲ್ಲಿಂದ ಅರಸೀಕೆರೆಗೂ ಸಿಗುತ್ತದೆ ಎಂದು ಹೇಳಿದೆ. ಯಾರದೋ ಜೀಪು ಅವನನ್ನೂ ಸೀಟನ್ನೂ ಹತ್ತಿಸಿಕೊಂಡು ಗೆಂಡೆಹಳ್ಳಿ ಕಡೆ ಹೋಯಿತು. ನಾನು ನೀರು ಕುಡಿದು, ರೇಡಿಯೇಟರಿಗೂ ಕುಡಿಸಿ, ನಿಧಾನವಾಗಿ ಹೊರಟೆ.

ಗೆಂಡೆಹಳ್ಳಿಯ ಬಸ್ ನಿಲ್ದಾಣದ ಮುಂದೆ ಅವನು ಕಂಡ. ರಸ್ತೆ ಬದಿಯಲ್ಲಿ ಕಾರಿನ ಸೀಟು ಹಾಕಿಕೊಂಡು, ಅದರ ಮೇಲೆ ಕೂತು, ತೊಡೆಯ ಮೇಲೆ ಚೀಲ ಇಟ್ಟುಕೊಂಡು ಬಸ್ಸು ಕಾಯುತ್ತಿದ್ದ. ಹಾಲು ಹಾಕಿ ಬಂದ ಇಬ್ಬರು ಹೆಂಗಸರು ಅವನನ್ನೇ ನೋಡುತ್ತಾ ನಿಂತಿದ್ದರು. ನನ್ನನ್ನು ಕಂಡು ಅವನು ಅರ್ಧ ಎದ್ದ. ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಸೀಟು ಹತ್ತು ಕಿಲೋ, ತಮ್ಮ ಐವತ್ತೊಂಬತ್ತು. ಕನ್ನಡಿಯಲ್ಲಿ ಒಮ್ಮೆ ನೋಡಿ ಮೂರನೇ ಗೇರಿಗೆ ಹಾಕಿದೆ.