ಅಗ್ನಿಮೂಲೆಗೆ ಬಿದ್ದ ಬಚ್ಚಲು

ಹೊಸೂರಿನ ಅವಲಪಲ್ಲಿಯ ಮನೆಯಲ್ಲಿ ಮೊದಲ ದಿನ ಹಾಲು ಉಕ್ಕಿಸುತ್ತಿದ್ದಾಗ ಬೆನ್ನಿಗೆ ಏನೋ ತಾಗಿತು. ಕಕ್ಕಸಿನ ಬಾಗಿಲು! ಒಳಗಿಂದ ನಮ್ಮ ಯಜಮಾನರು ಹೊರಬರುತ್ತಿದ್ದರು. ಹಾಲು, ಫಿನಾಯಿಲು, ಅದರಡಿಯ ಇನ್ನೊಂದು ವಾಸನೆ, ಮೂರೂ ಒಟ್ಟಿಗೆ ಮೂಗಿಗೆ ಬಡಿದವು.

ನಮ್ಮ ತಿಪಟೂರು ಕಡೆ ಕಕ್ಕಸು ಹಿತ್ತಲಿನ ಕೊನೆಗಿರುತ್ತದೆ, ನಿಮಗೇ ಗೊತ್ತು. ಹೊಸೂರಿನಲ್ಲಿ ಕಾರ್ಖಾನೆಗೆ ಬರುವ ನಮ್ಮಂಥವರಿಗಾಗಿ ಒಂದೇ ಮನೆಯನ್ನು ತುಂಡು ಮಾಡುತ್ತಾರೆ. ತುಂಡಿಗೆ ‘ಪೋರ್ಷನ್’ ಎಂದು ಹೆಸರು. ಆ ವಾಸನೆಗೆ ನಾನು ಉಂಡದ್ದಕ್ಕಿಂತ ತಟ್ಟೆಯಲ್ಲಿ ಬಿಟ್ಟದ್ದೇ ಹೆಚ್ಚು.

ಆಗಲೇ ಮನೆ ನಕ್ಷೆ ಬರೆಯುವ ಕಚೇರಿಯೊಂದಕ್ಕೆ ಕೆಲಸ ಕಲಿಯಲು ಸೇರಿದೆ. ಅಲ್ಲಿನ ಮೇಡಂ ಹೊಸ ಮನೆ ಬರೆಯಲು ಬಿಡಲಿಲ್ಲ. “ಮೊದಲು ನೀನಿರೋ ಮನೆ ಅಳೆದು ಬರಿ. ಎಲ್ಲಿ ಕೆಟ್ಟಿದೆ ನೋಡು. ಆದಷ್ಟು ಕಮ್ಮಿ ಒಡೆದು ಸರಿಮಾಡು” ಎಂದರು.

ಅಳೆಯಲೆಂದು ಗ್ಯಾಸ್ ಸಿಲಿಂಡರ್ ಸರಿಸಿದರೆ ಹಿಂದೆ ಪಾಚಿಗಟ್ಟಿದ ಟೈಲ್ಸು, ಬಟ್ಟೆ ತುರುಕಿದ ಬಚ್ಚಲ ತೂತು! ನಾನು ರೊಟ್ಟಿ ತಟ್ಟುತ್ತಿದ್ದದ್ದು ಯಾರೋ ಮೈ ತೊಳೆದ ಜಾಗದಲ್ಲಿ. ಥೂ!

ಬಚ್ಚಲನ್ನು ಅಡುಗೆಮನೆ ಯಾಕೆ ಮಾಡಿದಿರೆಂದು ಮನೆ ಒಡತಿ ಮುನಿರತ್ನಕ್ಕನನ್ನು ಕೇಳಿದೆ.

“ಪೋರ್ಷನ್ ಮಾಡ್ದಾಗ ಅಗ್ನಿಮೂಲೆ ಬಚ್ಚಲಿಗೇ ಬಂತು ಕಣಮ್ಮ. ಒಲೆ ಇನ್ನೆಲ್ಲಿ ಇಕ್ಕಾದು?”

“ಪಕ್ಕದಲ್ಲೇ ಕಕ್ಕಸೈತಲ್ಲಕ್ಕ!”

“ಅದಕ್ಕೆ ಬಾಗ್ಲೈತಲ್ಲ, ಮುಚ್ಕೊ.”

ನಕ್ಷೆ ಬಿಡಿಸಿ ತೋರಿಸಿದೆ. “ಒಲೆ ಇಲ್ಲೇ ಇರ್ಲಿ. ಕಕ್ಕಸಿನ ಬಾಗ್ಲು ಹಿಂದ್ಗಡೆ ಸಂದಿಗೆ ಹೋಗ್ಲಿ. ತೂತು ಮುಚ್ಚಿ, ಒಲೆ ಮುಂದೊಂದು ಕಿಟಕಿ ಇಡ್ಸಿ.”

“ಅಗ್ನಿ ಕದಲಾಕಿಲ್ವಾ?”

“ಒಂದಂಗುಲಾನೂ ಇಲ್ಲ.”

“ಅಂಗಾದ್ರೆ ಕೊತ್ತನಾರನ್ನ ಕರೀತೀನಿ. ನಿನ್ನ ಮೂಗಿಂದ ನನ್ ಗೋಡೆ ಹೋಯ್ತಲ್ಲಮ್ಮ!” ಕೊತ್ತನಾರ್ ಎಂದರೆ ತಮಿಳಿನಲ್ಲಿ ಗಾರೆಯವರು.

ಕೆಲಸ ಮುಗಿದ ದಿನ ಒಲೆಯ ಪಕ್ಕದಲ್ಲೇ ಕೂತು ಮುದ್ದೆ ಮುರಿದೆ. ಇನ್ನೊಂದಕ್ಕೂ ಕೈಚಾಚಿದೆ. ಅಂದು ಅವಲಪಲ್ಲಿ ನನ್ನೂರೆನಿಸಿತು.

ಹೋದ ತಿಂಗಳು ತಿಪಟೂರಿಗೆ ಬಂದಿದ್ದೆ. ಅವ್ವ ಅಡುಗೆಮನೆಯಲ್ಲಿ, ನಾನು ಯಾವಾಗಲೂ ಕೂರುವ ಜಾಗದಲ್ಲೇ ಎಲೆ ಹಾಕಿದಳು. ನನ್ನ ಕಣ್ಣು ಅನ್ನ ಬಿಟ್ಟು ಗೋಡೆ ಅಳೆಯತೊಡಗಿತು. ಗೋಡೆಯಾಚೆ ಕೊಟ್ಟಿಗೆ. ಗಂಜಲ ಹೀರಿದ ಮಣ್ಣು ಮೊಣಕಾಲೆತ್ತರಕ್ಕೆ ಉಬ್ಬಿ, ಹಳದಿಗಟ್ಟಿ, ಉಪ್ಪಿನ ಜಾಡಿಯ ಮೇಲೆ ಉದುರುತ್ತಿತ್ತು. ಮದುವೆಯಾಗುವವರೆಗೂ ನಾನು ಒರಗಿಕೊಂಡು ಉಂಡ ಗೋಡೆ ಅದು. ಎತ್ತಿದ ತುತ್ತನ್ನು ಎಲೆಗೇ ಇಳಿಸಿದೆ.

“ಯಾಕವ್ವ, ನಮ್ಮನೆ ಅನ್ನ ಸೇರ್ತಿಲ್ವಾ ಈಗ?” ಎಂದಳು ಅವ್ವ.

ಗೋಡೆಯಾಚೆ ಹಸು ಉಚ್ಚೆ ಹೊಯ್ಯುವ ಸದ್ದು ಕೇಳಿಸಿತು.

“ಸೇರ್ತದೆ ಬಡ್ಸವ್ವ” ಎಂದು ಆ ತುತ್ತನ್ನು ಕಣ್ಣುಮುಚ್ಚಿ ನುಂಗಿದೆ.